ತೃಪ್ತಿ ಯಾರ ಸೊತ್ತು?

ಜನಗಣತಿಯವರೋ ಪಡಿತರ ಚೀಟಿಯ ಪರಿಶೀಲನೆಗೆ ಬಂದವರೋ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ನಿಮ್ಮ ಮನೆಯವರು ಏನು ಮಾಡ್ತಾರ್ರೀ?" ನಾವು ಒಂದು ಕ್ಷಣವೂ ಯೋಚಿಸದೆ ಉತ್ತರಿಸುತ್ತೇವೆ: "ಏನಿಲ್ರೀ, ಮನ್ಯಾಗ ಇರ್ತಾಳ." ಹಾಗೆ ಉತ್ತರಿಸುವಾಗ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿರುತ್ತದೆ. ಪ್ರಶ್ನೆ ಕೇಳಿದವರಿಗೂ ಅದು ಕೇಳಿಸುತ್ತದೆ, ಉತ್ತರ ಕೊಟ್ಟ ನಮಗೂ ಕೇಳಿಸುತ್ತದೆ. ಆದರೂ ಬಂದವರು ತಮ್ಮ ಕಾಗದದಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ನಮ್ಮ ದೇಶದ ಜನಗಣತಿಯಲ್ಲಿ ಮನೆಗೆಲಸವನ್ನಷ್ಟೇ ಮಾಡುವವರು 'ಕೆಲಸಗಾರರಲ್ಲದವರ' ಪಟ್ಟಿಗೆ ಸೇರುತ್ತಾರೆ.

ಬೆಳಗಾವಿ ಜಿಲ್ಲೆಯ ಕುಲಗೋಡ ಹಿಂದೆ ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿನಲ್ಲಿದೆ. ಆ ಸೀಮೆಯ ಊರುಗಳಲ್ಲಿ ಬೆಳಗಾಗುವುದೇ ರೊಟ್ಟಿಯ ಸದ್ದಿನಿಂದ. ಎಸರು ಕುದಿಸಿ ಜೋಳದ ಹಿಟ್ಟಿಗೆ ಸುರಿದು, ಬಿಸಿ ಆರುವ ಮೊದಲೇ ನಾದಬೇಕು. ತಡವಾದರೆ ಹಿಟ್ಟಿಗೆ ಜಿಗಿ ಬರುವುದಿಲ್ಲ, ರೊಟ್ಟಿಯ ಅಂಚು ಬಿರಿಯುತ್ತದೆ. ಉಂಡೆಯನ್ನು ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ ತೆಳ್ಳಗೆ ಮಾಡಬೇಕು. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಸರಿಯಾದ ಹೊತ್ತಿಗೆ ಮಗುಚಬೇಕು. ಆಗಷ್ಟೇ ರೊಟ್ಟಿ ಉಬ್ಬುತ್ತದೆ. ಇದನ್ನು ಕಲಿಯಲು ವರ್ಷಗಳು ಬೇಕು. ಬುತ್ತಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ದನಕ್ಕೆ ಮೇವು ಹಾಕಿದ ಮೇಲೆ ಆಕೆ ಹೊಲಕ್ಕೂ ಹೋಗುತ್ತಾಳೆ. ಸಂಜೆ ಬಂದು ಮತ್ತೆ ಅದೇ ಒಲೆಯ ಮುಂದೆ ಕೂರುತ್ತಾಳೆ.

ಇದೇ ರೊಟ್ಟಿಯನ್ನು ಆಕೆ ಒಂದು ಖಾನಾವಳಿಗೆ ಮಾಡಿಕೊಟ್ಟರೆ ಅದು ಉದ್ಯೋಗವಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಕಟಕ ರೊಟ್ಟಿ ಮಾಡಿ ಮಾರಿ ಸಂಸಾರ ನಡೆಸುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ. ಅದೇ ಕೈ, ಅದೇ ಹಿಟ್ಟು, ಅದೇ ಹಂಚು. ಆದರೆ ತಿನ್ನುವವರು ದುಡ್ಡು ಕೊಟ್ಟರೆ ಅದು ಕೆಲಸ, ಕೊಡದಿದ್ದರೆ ಕೆಲಸವಲ್ಲ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಿಚಿತ್ರವನ್ನು ಗುರುತಿಸಿದ್ದರು. ಒಬ್ಬಾತ ತನ್ನ ಮನೆಗೆಲಸದಾಕೆಯನ್ನೇ ಮದುವೆಯಾದರೆ ರಾಷ್ಟ್ರದ ಆದಾಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ! ಕೆಲಸ ಮಾತ್ರ ಮೊದಲಿನಂತೆಯೇ ನಡೆದಿರುತ್ತದೆ.

ಆದರೆ ನಾವು ಇಲ್ಲಿ ಎತ್ತಬೇಕೆಂದಿರುವ ಪ್ರಶ್ನೆ ಬರಿಯ ಲೆಕ್ಕದ್ದಲ್ಲ. ಅದು ತೃಪ್ತಿಯ ಪ್ರಶ್ನೆ. ದುಡಿಮೆಯಲ್ಲಿ ತೃಪ್ತಿ ಕಾಣಬೇಕು ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ಜುಮಾ ಭಾಷಣಗಳಲ್ಲಿ ಕೇಳುತ್ತೇವೆ, ಪುರಾಣ-ಪ್ರವಚನಗಳಲ್ಲಿ ಕೇಳುತ್ತೇವೆ. ಮದುವೆಯಾಗಿ ಹೋಗುವ ಮಗಳಿಗೆ ತಾಯಿ ಅದನ್ನೇ ಹೇಳಿ ಕಳಿಸುತ್ತಾಳೆ. ಮಾತು ಒಳ್ಳೆಯದೇ. ಆದರೆ ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನಾವು ಗಮನಿಸುತ್ತೇವೆಯೇ?

ಕೇಳದೆಯೇ ಕೊಡುವ ಒಂದಿಷ್ಟು

ಮೊದಲಿಗೆ ಕೆಲಸದ ತೃಪ್ತಿ ಎಂದರೇನು ಎಂಬುದನ್ನು ನೋಡೋಣ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇರುತ್ತದೆ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ, ಏನನ್ನೂ ಎಸೆಯದೆ ತುಂಡು ಮಾಡಿ, ಪದರ ಪದರವಾಗಿ ಜೋಡಿಸಿ, ಕೈಯಿಂದ ಸಾಲು ಹೊಲಿಗೆ ಹಾಕಿದ ಹೊದಿಕೆ. ಚಳಿ ತಡೆಯಲು ಅಷ್ಟು ಸಾಕು. ಆದರೆ ಹೊಲಿದವಳು ಅಷ್ಟಕ್ಕೇ ಬಿಟ್ಟಿರುವುದಿಲ್ಲ. ಕೆಂಪಿನ ಪಕ್ಕ ಹಸಿರು ಬರುವಂತೆ, ನಾಲ್ಕೂ ಅಂಚು ಒಪ್ಪುವಂತೆ ನೋಡಿಕೊಂಡಿರುತ್ತಾಳೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಹೆಣ್ಣುಮಕ್ಕಳು ಹೊಲಿಯುವ ಕವದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಇಡುವ ಪುಟ್ಟ ಅಲಂಕಾರಕ್ಕೆ 'ಫೂಲ' ಎನ್ನುತ್ತಾರೆ. ಅದು ಇಲ್ಲದಿದ್ದರೆ ಕವದಿ ಬೆತ್ತಲೆ ಎಂಬುದು ಅವರ ಭಾವನೆ. ಆ ಹೂವಿನಿಂದ ಕವದಿ ಹೆಚ್ಚು ಬೆಚ್ಚಗಾಗುವುದಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿದಂತಲ್ಲ.

ಕೆಲಸದ ತೃಪ್ತಿ ಇರುವುದು ಈ ಹೂವಿನಲ್ಲಿ ಎಂದು ನಮಗನಿಸುತ್ತದೆ. ಯಾರೂ ಕೇಳದಿದ್ದರೂ ಕೆಲಸ ಮಾಡುವವರು ತಾವಾಗಿಯೇ ಸೇರಿಸುವ ಒಂದಿಷ್ಟು ಹೆಚ್ಚಿನದು ಅದು. ಇಸ್ಲಾಮಿನಲ್ಲಿ ಇದಕ್ಕೆ ಇಹ್ಸಾನ್ ಎಂಬ ಸುಂದರ ಪದವಿದೆ. ಪ್ರತಿಯೊಂದು ವಿಷಯದಲ್ಲೂ ಅಲ್ಲಾಹನು ಇಹ್ಸಾನನ್ನು ವಿಧಿಸಿದ್ದಾನೆಂದು ಪ್ರವಾದಿ(ಸ) ಕಲಿಸಿದರು. ಪ್ರಾಣಿಯನ್ನು ಝಬಹ್ ಮಾಡುವಾಗಲೂ ಕತ್ತಿಯನ್ನು ಹರಿತಗೊಳಿಸಿ ಅದಕ್ಕೆ ನೋವು ಕಡಿಮೆಯಾಗುವಂತೆ ನೋಡಿಕೊಳ್ಳಬೇಕೆಂದರು. ಇಮಾಮ್ ಗಝಾಲಿಯವರು ದುಡಿಮೆಯ ಶಿಷ್ಟಾಚಾರದ ಕುರಿತು ಬರೆಯುತ್ತ, ಕಸುಬುಗಳೆಲ್ಲ ಸಮುದಾಯದ ಮೇಲಿನ ಸಾಮೂಹಿಕ ಕರ್ತವ್ಯ, ಜನರು ಅವನ್ನು ಕೈಬಿಟ್ಟರೆ ಬದುಕೇ ನಿಂತುಹೋಗುತ್ತದೆ, ಆದ್ದರಿಂದ ಕಸುಬಿನವನು ಆ ಕರ್ತವ್ಯವನ್ನು ಪೂರೈಸುವ ಸಂಕಲ್ಪದಿಂದ ದುಡಿಯಬೇಕು ಎಂದು ತಿಳಿಸಿದ್ದಾರೆ.

ನಮ್ಮ ಕಡೆಯ ನದಾಫರನ್ನೇ ನೋಡಿ. ನದಾಫ ಎಂದರೆ ಹತ್ತಿ ಹಿಂಜುವವನು. ಪಿಂಜಾರ ಎಂಬುದೂ ಅದೇ ಕಸುಬಿನ ಹೆಸರು. ಬಿಲ್ಲಿನ ತಂತಿಯನ್ನು ಮೀಟಿ, ಗಂಟುಗಟ್ಟಿದ ಹತ್ತಿಯನ್ನು ಮೋಡದಂತೆ ಹಗುರ ಮಾಡಿ, ಊರವರ ಗಾದಿ-ದಿಂಬುಗಳನ್ನು ತುಂಬಿಕೊಟ್ಟವರು ಅವರು. ಮದುವೆಯ ಮನೆಗೆ ಗಾದಿ ಬೇಕೆಂದರೆ ಯಾವ ಜಾತಿಯವರಾದರೂ ನದಾಫರ ಮನೆಗೆ ಹೋಗಬೇಕಿತ್ತು. ಎಷ್ಟು ಹಿಂಜಿದರೆ ಸಾಕು ಎಂಬುದು ಗಿರಾಕಿಗೆ ಗೊತ್ತಾಗುವುದಿಲ್ಲ. ಅದು ಹಿಂಜುವವನಿಗೆ ಮಾತ್ರ ಗೊತ್ತು. ಒಳಗಿನ ಹತ್ತಿಯಲ್ಲಿ ಗಂಟು ಉಳಿದರೂ ಮೇಲಿನ ಬಟ್ಟೆ ಮುಚ್ಚುತ್ತದೆ. ಹಾಗಿದ್ದೂ ಗಂಟು ಉಳಿಯದಂತೆ ಹಿಂಜಿದವನ ಸಮಾಧಾನ ಅವನದೇ. ಅದನ್ನು ಯಾರೂ ಕೊಟ್ಟಿದ್ದಲ್ಲ, ಯಾರೂ ಕಸಿಯಲಾರರು.

ಪಾರಿಜಾತದ ಊರು

ಕುಲಗೋಡಕ್ಕೆ ನಾಡಿನಲ್ಲಿ ಹೆಸರು ಬಂದದ್ದು ಒಂದು ಆಟದಿಂದ. ಅಪರಾಳ ತಮ್ಮಣ್ಣನ ಕೃತಿಯಾಗಿದ್ದ ಪಾರಿಜಾತದ ಕಥೆಯನ್ನು 19ನೆಯ ಶತಮಾನದಲ್ಲಿ ಬಯಲಾಟಕ್ಕೆ ಅಳವಡಿಸಿ ಜನರ ಬಾಯಲ್ಲಿ ನೆಲೆಗೊಳಿಸಿದವನು ಕುಲಗೋಡ ತಮ್ಮಣ್ಣ. 'ಶ್ರೀಕೃಷ್ಣ ಪಾರಿಜಾತ'ವನ್ನು ನೋಡಲು ಹಗಲೆಲ್ಲ ಹೊಲದಲ್ಲಿ ದುಡಿದ ಜನ ಬೆಳಗಿನ ತನಕ ಕೂರುತ್ತಿದ್ದರು. ನೆರೆಯ ಕೌಜಲಗಿಯ ನಿಂಗಮ್ಮನವರು ಈ ಆಟಕ್ಕೆ ಬದುಕನ್ನೇ ಕೊಟ್ಟ ಕಲಾವಿದೆ. ಅಪ್ಪಾಲಾಲ ನದಾಫರ ಹೆಸರೂ ಪಾರಿಜಾತದ ಕಲಾವಿದರ ಸಾಲಿನಲ್ಲಿದೆ. ಹತ್ತಿ ಹಿಂಜುವ ಕಸುಬಿನ ಹೆಸರು ಹೊತ್ತ ಮನೆಯವರೊಬ್ಬರು ಕೃಷ್ಣನ ಆಟವಾಡಿದಾಗ ಈ ಸೀಮೆಯ ಜನಕ್ಕೆ ಅದು ವಿಚಿತ್ರವೆನಿಸಲಿಲ್ಲ ಎಂಬುದನ್ನು ಇಂದಿನ ದಿನಗಳಲ್ಲಿ ನೆನಪಿಸಿಕೊಳ್ಳಬೇಕು.

ಆಟದ ಕಥೆ ದೇವಲೋಕದ್ದಾದರೂ ಜಗಳ ಮನೆಯೊಳಗಿನದು. ನಾರದ ಒಂದು ಪಾರಿಜಾತದ ಹೂವು ತರುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಕೇಳಿದ ಸತ್ಯಭಾಮೆ ಮುನಿದು ಕೂರುತ್ತಾಳೆ. ಇಡೀ ರಾತ್ರಿಯ ಆಟ ಒಂದು ಹೂವಿನ ಸುತ್ತ ನಡೆಯುತ್ತದೆ. ಸತ್ಯಭಾಮೆಯ ಗರ್ವ ಇಳಿಯುವುದನ್ನು ನೋಡಿ ಜನ ನಗುತ್ತಾರೆ. ಆದರೆ ಆಕೆಯ ಮುನಿಸಿಗೆ ಗರ್ವವಷ್ಟೇ ಕಾರಣವಾಗಿದ್ದರೆ ಆ ಕಥೆ ಇಷ್ಟು ಕಾಲ ಜನರನ್ನು ಹಿಡಿದಿಡುತ್ತಿತ್ತೇ? ಅವಳಿಗೆ ಹೂವಿನ ಕೊರತೆ ಇರಲಿಲ್ಲ. ಈ ಮನೆಯಲ್ಲಿ ತನ್ನನ್ನು ಲೆಕ್ಕಕ್ಕೆ ಹಿಡಿದಿಲ್ಲವಲ್ಲ ಎಂಬುದೇ ಅವಳ ದೂರು. ಈ ದೂರು ಅರಮನೆಗೆ ಮಾತ್ರ ಸೇರಿದ್ದಲ್ಲ. ರೊಟ್ಟಿ ಬಡಿಯುವ ಒಲೆಯ ಮುಂದೆಯೂ ಅದು ಇದೆ. ಅಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೇ.

ತೃಪ್ತಿಯ ಬೋಧನೆ

ಇಲ್ಲಿ ನಾವು ಎರಡು ಸಂಗತಿಗಳನ್ನು ಬೇರೆ ಮಾಡಿ ನೋಡಬೇಕು. ಕೆಲಸದಲ್ಲಿ ತೃಪ್ತಿ ಕಾಣುವುದು ಒಂದು. ಸಿಕ್ಕಿದ ಪಾಲಿನಲ್ಲಿ ತೃಪ್ತಿಪಡುವುದು ಇನ್ನೊಂದು. ನಾವು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ. ಚೆನ್ನಾಗಿ ರೊಟ್ಟಿ ಮಾಡುವವಳು ರೊಟ್ಟಿಯಲ್ಲಿ ತೃಪ್ತಿ ಕಾಣುತ್ತಾಳೆಂದ ಮೇಲೆ ಎಲ್ಲರೂ ಉಂಡು ಉಳಿದದ್ದನ್ನು ಉಣ್ಣುವುದರಲ್ಲೂ ಆಕೆಗೆ ತೃಪ್ತಿಯಿದೆ ಎಂದು ಭಾವಿಸುತ್ತೇವೆ. ಮಕ್ಕಳ ಆರೈಕೆಯಲ್ಲಿ ಆಕೆಗೆ ಸಂತೋಷವಿದೆ, ಆದ್ದರಿಂದ ನಿದ್ದೆಗೆಡುವುದರಲ್ಲೂ ಸಂತೋಷವಿದೆ ಎನ್ನುತ್ತೇವೆ. ಹೊರಗಿನ ದುಡಿಮೆಯಲ್ಲೂ ಇದೇ ತರ್ಕ ನಡೆಯುತ್ತದೆ. ಕಬ್ಬು ಕಡಿಯುವವನಿಗೆ, ಗಾರೆ ಕೆಲಸದವನಿಗೆ, ಮದ್ರಸದ ಉಸ್ತಾದರಿಗೆ ನಾವು ತೃಪ್ತಿಯ ಪಾಠ ಹೇಳುತ್ತೇವೆ. ಅವರ ಸಂಬಳ ನಿರ್ಧರಿಸುವವರೂ ನಾವೇ ಆಗಿರುತ್ತೇವೆ. ಕೂಲಿಯವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಹದೀಸ್ ಧಣಿಗೆ ಹೇಳಿದ್ದು. ನಿಜವಾದ ಶ್ರೀಮಂತಿಕೆ ಮನಸ್ಸಿನ ಶ್ರೀಮಂತಿಕೆ ಎಂಬ ಹದೀಸನ್ನಾದರೋ ಪ್ರತಿಯೊಬ್ಬನೂ ಮೊದಲು ತನಗೆ ಹೇಳಿಕೊಳ್ಳಬೇಕು. ನಾವು ಮೊದಲನೆಯದನ್ನು ಮರೆತು ಎರಡನೆಯದನ್ನು ಕೂಲಿಯವನಿಗೆ ಹೇಳುತ್ತೇವೆ.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಇದ್ದರು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳೆಂಬ ಪ್ರಸಂಗ ಪ್ರಸಿದ್ಧ. ಇದನ್ನು ಅಲ್ಪತೃಪ್ತಿಯ ಉದಾಹರಣೆಯಾಗಿ ಹೇಳುವುದುಂಟು. ನಿಜ. ಆದರೆ ಈ ಪ್ರಸಂಗದಲ್ಲಿ ಮನೆಗೆ ಎಷ್ಟು ಸಾಕು ಎಂದು ನಿರ್ಧರಿಸಿದವಳು ಲಕ್ಕಮ್ಮ. ಹೊರಗಿನ ಯಾರೋ ಬಂದು ಅವಳಿಗೆ 'ಇಷ್ಟರಲ್ಲಿ ತೃಪ್ತಿಪಡು' ಎನ್ನಲಿಲ್ಲ. ಸಾಕು ಎನ್ನುವ ಅಧಿಕಾರ ಅವಳ ಕೈಯಲ್ಲಿತ್ತು. ಆದ್ದರಿಂದಲೇ ಆ ತೃಪ್ತಿಗೆ ಅಷ್ಟು ತೂಕ ಬಂತು. ಸಾಕು ಎಂದು ಹೇಳಲು ಸಾಧ್ಯವಿರುವವರು 'ಸಾಲದು' ಎಂದು ಹೇಳಲೂ ಸಾಧ್ಯವಿರಬೇಕು. ಸಾಲದು ಎನ್ನಲು ಬಾಯಿಯೇ ಇಲ್ಲದವರ ಮೌನವನ್ನು ತೃಪ್ತಿ ಎಂದು ಕರೆಯುವುದು ಅನ್ಯಾಯ.

ನಮ್ಮಲ್ಲಿ ಹೆಚ್ಚಾಗಿ ಹೇಳಲಾಗುವ ಇನ್ನೊಂದು ಘಟನೆಯಿದೆ. ಹಝ್ರತ್ ಫಾತಿಮಾ(ರ) ಬೀಸುವ ಕಲ್ಲು ತಿರುಗಿಸಿ ಕೈ ನೋಯಿಸಿಕೊಂಡಿದ್ದರು. ತಂದೆಯ ಬಳಿಗೆ ಕೈದಿಗಳು ಬಂದಿದ್ದಾರೆಂದು ತಿಳಿದು, ಮನೆಗೆಲಸಕ್ಕೆ ಸಹಾಯಕರೊಬ್ಬರನ್ನು ಕೇಳಲು ಹೋದರು. ಪ್ರವಾದಿ(ಸ) ಆಗ ಮನೆಯಲ್ಲಿರಲಿಲ್ಲ. ವಿಷಯವನ್ನು ಹಝ್ರತ್ ಆಯಿಶಾ(ರ)ರಿಗೆ ತಿಳಿಸಿ ಹಿಂದಿರುಗಿದರು. ರಾತ್ರಿ ಮಲಗಿದ ಮೇಲೆ ಪ್ರವಾದಿ(ಸ) ಸ್ವತಃ ಮಗಳ ಮನೆಗೆ ಬಂದರು. ಎದ್ದೇಳಲು ಹೋದ ದಂಪತಿಯನ್ನು ತಡೆದು ಅವರ ನಡುವೆ ಕುಳಿತರು. ಅವರ ಪಾದದ ತಂಪು ತನ್ನ ಎದೆಗೆ ತಾಗಿದ್ದನ್ನು ಹಝ್ರತ್ ಅಲಿ(ರ) ನೆನಪಿಸಿಕೊಂಡಿದ್ದಾರೆ. ಸಹಾಯಕರಿಗಿಂತ ಉತ್ತಮವಾದುದನ್ನು ಹೇಳಿಕೊಡುತ್ತೇನೆಂದು ಪ್ರವಾದಿ(ಸ) ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳುವಂತೆ ಕಲಿಸಿದರು.

ಈ ಹದೀಸನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಹೆಚ್ಚಾಗಿ ಹೆಣ್ಣುಮಕ್ಕಳ ಸಭೆಗಳಲ್ಲಿ ಕೇಳಿದ್ದೇವೆ. ಸಹಾಯ ಕೇಳಬೇಡಿ, ಝಿಕ್ರ್ ಮಾಡಿ, ದಣಿವು ಹೋಗುತ್ತದೆ ಎಂಬುದು ಅದರಿಂದ ತೆಗೆಯುವ ಪಾಠ. ಆದರೆ ಹದೀಸನ್ನು ಪೂರ್ತಿಯಾಗಿ ಓದಿದರೆ ಬೇರೆ ಸಂಗತಿಗಳೂ ಕಾಣುತ್ತವೆ. ಫಾತಿಮಾ(ರ) ದಣಿವನ್ನು ಮುಚ್ಚಿಡಲಿಲ್ಲ, ಕೇಳಿದರು. ಕೇಳಿದ್ದು ತಪ್ಪೆಂದು ಪ್ರವಾದಿ(ಸ) ಹೇಳಲಿಲ್ಲ. ಆ ಕೆಲಸ ಸಣ್ಣದೆಂದೂ ಹೇಳಲಿಲ್ಲ. ಉತ್ತರವನ್ನು ಬೇರೆಯವರ ಮೂಲಕ ಕಳಿಸದೆ ರಾತ್ರಿ ತಾವೇ ಎದ್ದು ಬಂದು, ಪಕ್ಕದಲ್ಲಿ ಕುಳಿತು ಮಾತಾಡಿದರು. ಝಿಕ್ರನ್ನು ಕಲಿಸಿದ್ದು ಮಗಳಿಗೆ ಮಾತ್ರವಲ್ಲ, ಅಳಿಯನಿಗೂ ಸೇರಿಸಿ. ಮಸೀದಿಯ ಜಗಲಿಯಲ್ಲಿ ಹಸಿದಿದ್ದ ಅಹ್ಲುಸ್ಸುಫ್ಫಾದವರನ್ನು ಬಿಟ್ಟು ನಿಮಗೆ ಕೊಡಲಾರೆ ಎಂದು ಅವರು ಕಾರಣವನ್ನೂ ತಿಳಿಸಿದರೆಂದು ಇನ್ನೊಂದು ವರದಿಯಲ್ಲಿದೆ. ಸಹಾಯ ಕೊಡಲು ಆಗದಾಗ ಕಾರಣ ಹೇಳುವುದು ಕೇಳಿದವರಿಗೆ ಸಲ್ಲಿಸುವ ಗೌರವ.

ಎಲ್ಲಕ್ಕಿಂತ ಮುಖ್ಯವಾಗಿ, ಹೀಗೆ ಕಲಿಸಿದವರು ಸ್ವತಃ ಹೇಗೆ ಬದುಕಿದರು? ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಹಝ್ರತ್ ಆಯಿಶಾ(ರ)ರನ್ನು ಕೇಳಿದಾಗ, ಮನೆಯವರ ಕೆಲಸಗಳಲ್ಲಿ ತೊಡಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಅವರು ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಚಪ್ಪಲಿ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕುತ್ತಿದ್ದರು, ಆಡಿನ ಹಾಲು ಕರೆಯುತ್ತಿದ್ದರು ಎಂದು ಬೇರೆ ವರದಿಗಳಲ್ಲಿದೆ. 'ನಿಮ್ಮ ಮನೆಯವರು ಏನು ಮಾಡುತ್ತಾರೆ' ಎಂಬ ಪ್ರಶ್ನೆಯನ್ನು ಅಂದು ಹೆಣ್ಣಿಗೆ ಕೇಳಲಾಗಿತ್ತು, ಉತ್ತರ ಪುರುಷನ ಮನೆಗೆಲಸದ ಕುರಿತಾಗಿತ್ತು! ತೃಪ್ತಿಯನ್ನು ಬೋಧಿಸುವ ಹಕ್ಕು ಇಂಥವರಿಗಿದೆ. ಉಂಡ ತಟ್ಟೆಯನ್ನು ಎತ್ತದೆ ಏಳುವ ನಮಗೆ ಇದೆಯೇ?

ಔದಾರ್ಯವನ್ನು ಹಕ್ಕೆಂದು ಭಾವಿಸಿದಾಗ

ಅಡುಗೆ, ಒಗೆತದಂತಹ ಮನೆಗೆಲಸ ಪತ್ನಿಯ ಮೇಲೆ ಕಡ್ಡಾಯವಲ್ಲ ಎಂಬುದು ಶಾಫಿಈ ಮತ್ತು ಹಂಬಲಿ ಮದ್‌ಹಬ್‌ಗಳ ಪ್ರಧಾನ ಅಭಿಪ್ರಾಯ. ಬೇರೆ ಅಭಿಪ್ರಾಯಗಳೂ ಇವೆ. ವಿಚ್ಛೇದನದ ನಂತರ ತಾಯಿ ಮಗುವಿಗೆ ಹಾಲುಣಿಸಿದರೆ ಆಕೆಗೆ ಪ್ರತಿಫಲ ಕೊಡಬೇಕೆಂದು ಕುರ್‌ಆನಿನ ಅತ್ತಲಾಕ್ ಅಧ್ಯಾಯ ಹೇಳುತ್ತದೆ. ಅಂದರೆ ತಾಯಿಯ ಹಾಲಿನಲ್ಲಿ ಇರುವುದು ಬರಿಯ ಮಮತೆಯಲ್ಲ, ದುಡಿಮೆಯೂ ಹೌದು ಎಂಬುದನ್ನು 1400 ವರ್ಷಗಳ ಹಿಂದೆಯೇ ಮನ್ನಿಸಲಾಗಿದೆ. ಹೀಗಿರುವಾಗ ನಮ್ಮ ಮನೆಗಳಲ್ಲಿ ನಡೆಯುವ ಬಹುಪಾಲು ಕೆಲಸ ಕೊಡುವವರ ಔದಾರ್ಯ. ನಾವು ಅದನ್ನು ಸಾಲ ವಸೂಲಿಯಂತೆ ಪಡೆಯುತ್ತಿದ್ದೇವೆ.

ದೇಶದಲ್ಲಿ 2019ರಲ್ಲಿ ನಡೆದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಪುರುಷರು ಕೊಟ್ಟದ್ದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ನಿಮಿಷಕ್ಕೆ ಇಳಿದಿದೆ. ಗ್ಯಾಸ್, ಮಿಕ್ಸಿ, ನಲ್ಲಿ ನೀರು ಬಂದು ಹೆಣ್ಣಿನ ಹೊರೆ ಸ್ವಲ್ಪ ಇಳಿದಿರಬಹುದು. ಆದರೆ ಗಂಡು ಅದನ್ನು ಹಂಚಿಕೊಂಡದ್ದರಿಂದ ಇಳಿದಿಲ್ಲ ಎಂಬುದು ಸ್ಪಷ್ಟ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ, ಗೃಹಿಣಿಯ ದುಡಿಮೆಗೂ ಆದಾಯವನ್ನು ಲೆಕ್ಕ ಹಾಕಬೇಕೆಂದು ಹೇಳಿತು. ಮನೆಗೆಲಸ ಮಾಡುವವರು ಆರ್ಥಿಕತೆಗೆ ಏನನ್ನೂ ಕೊಡುವುದಿಲ್ಲ ಎಂಬ ಕಲ್ಪನೆಯನ್ನು ಅದು ಒಪ್ಪಲಿಲ್ಲ. ಸತ್ತ ಮೇಲೆ ನ್ಯಾಯಾಲಯ ಲೆಕ್ಕ ಹಾಕುವ ದುಡಿಮೆಯನ್ನು ಬದುಕಿರುವಾಗ ಮನೆಯವರು ಲೆಕ್ಕ ಹಾಕುವುದಿಲ್ಲವೆಂದರೆ ಅದು ನಾಚಿಕೆಯ ಸಂಗತಿ.

ಹೀಗೆ ಲೆಕ್ಕ ಹಾಕತೊಡಗಿದರೆ ಮನೆಯಲ್ಲಿ ಪ್ರೀತಿ ಉಳಿಯುವುದೇ ಎಂದು ಕೆಲವರು ಕೇಳುತ್ತಾರೆ. ಈ ಆತಂಕವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಗುವಿಗೆ ತುತ್ತಿಡುವಾಗ ಯಾವ ತಾಯಿಯೂ ಬೆಲೆ ಕಟ್ಟುವುದಿಲ್ಲ, ಕಟ್ಟಲೂಬಾರದು. ಆದರೆ ಲೆಕ್ಕ ಇಡಬಾರದು ಎಂಬುದು ಕೊಡುವವರ ಧರ್ಮ. ಪಡೆಯುವವರ ಧರ್ಮ ಲೆಕ್ಕ ಇಡುವುದು, ಕೃತಜ್ಞತೆಯಿಂದ ನೆನಪಿಡುವುದು. ಎಡಗೈಗೆ ತಿಳಿಯದಂತೆ ಬಲಗೈ ಕೊಡಬೇಕು ಎಂದು ಕೊಡುವವನಿಗೆ ಕಲಿಸಿದ ಪ್ರವಾದಿ(ಸ), ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂದು ಪಡೆದವನಿಗೆ ಕಲಿಸಿದರು.

ಎಲ್ಲ ಕೆಲಸದಲ್ಲೂ ತೃಪ್ತಿ ಇದೆಯೆಂದು ನಾವು ಹೇಳುತ್ತಿಲ್ಲ. ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಣ್ಣು ಉರಿಸಿಕೊಳ್ಳುವುದರಲ್ಲಿ, ಬಿಸಿಲಿನಲ್ಲಿ ಕಬ್ಬಿನ ರವದಿ ಸುಲಿಯುತ್ತ ಕೈ ಕೊಯ್ದುಕೊಳ್ಳುವುದರಲ್ಲಿ ಯಾವ ತೃಪ್ತಿಯೂ ಇಲ್ಲ. ಅಲ್ಲಿ ಬೇಕಾಗಿರುವುದು ಒಲೆ, ಕೈಗವಸು, ವಿಶ್ರಾಂತಿ ಮತ್ತು ನ್ಯಾಯವಾದ ಕೂಲಿ. ಅವು ಸಿಕ್ಕಿದ ಮೇಲೆ ಕೆಲಸದಲ್ಲಿ ತೃಪ್ತಿ ಕಾಣುವುದು ಬಿಡುವುದು ದುಡಿಯುವವರಿಗೆ ಬಿಟ್ಟದ್ದು. ಅದು ಅವರ ಮತ್ತು ಅವರ ಸೃಷ್ಟಿಕರ್ತನ ನಡುವಿನ ವಿಷಯ. ಇನ್ನೊಬ್ಬರ ತೃಪ್ತಿಯನ್ನು ನಾವು ಅಪೇಕ್ಷಿಸಬಹುದು, ಅದಕ್ಕಾಗಿ ಪ್ರಾರ್ಥಿಸಬಹುದು. ಆದರೆ ಅದನ್ನು ಅವರಿಂದ ಕೇಳಿ ಪಡೆಯುವ ಹಕ್ಕು ನಮಗಿಲ್ಲ.

ನಮ್ಮ ಪಾಲಿಗೆ ಉಳಿಯುವುದು ಸರಳವಾದ ಕೆಲಸ. ಉಂಡ ತಟ್ಟೆಯನ್ನು ತೊಳೆದಿಡುವುದು. ಒಂದು ಹೊತ್ತಾದರೂ ಬಿಸಿ ರೊಟ್ಟಿಯನ್ನು ಮಾಡಿದವರೇ ಮೊದಲು ಉಣ್ಣುವಂತೆ ನೋಡಿಕೊಳ್ಳುವುದು. ದಣಿವಾಯಿತೇ ಎಂದು ಕೇಳಿ, ಉತ್ತರ ಬರುವ ತನಕ ಪಕ್ಕದಲ್ಲಿ ಕೂರುವುದು. ಮುಂದಿನ ಸಲ ಯಾರಾದರೂ ಕಾಗದ ಹಿಡಿದು ಬಾಗಿಲಿಗೆ ಬಂದು ಅದೇ ಪ್ರಶ್ನೆ ಕೇಳಿದಾಗ, ಅವರ ಕಾಲಂನಲ್ಲಿ ಜಾಗವಿರಲಿ ಇಲ್ಲದಿರಲಿ, ಒಳಗಿನ ರೊಟ್ಟಿಯ ಸದ್ದಿಗೆ ಸುಳ್ಳಾಗದಂತೆ ಉತ್ತರಿಸೋಣ: "ಭಾಳ ಕೆಲಸ ಮಾಡ್ತಾರ್ರೀ. ಒಳಗ ಬರ್ರಿ, ಅವರನ್ನ ಕೇಳ್ರಿ."